ಕಟ್ಟಡ ನೋಡಲೆಂದೇ ಪ್ರವಾಸ: ಒಂದು ಊರೋ, ಒಬ್ಬ ಆರ್ಕಿಟೆಕ್ಟೋ, ಒಂದೇ ಒಂದು ಮನೆಯೋ?

ಬೆಟ್ಟ ನೋಡಲು ಯಾವ ವಾರ ಹೋದರೂ ನಡೆಯುತ್ತದೆ. ಕಟ್ಟಡದ ಕತೆ ಬೇರೆ. ಸೋಮವಾರ ರಜೆ ಇರಬಹುದು. ಒಳಗೆ ಪ್ರಾರ್ಥನೆ ನಡೆಯುತ್ತಿರಬಹುದು. ಮುಂಭಾಗಕ್ಕೆ ಸಾರ್ವೆ ಕಟ್ಟಿ ಬಲೆ ಹೊದಿಸಿರಬಹುದು. ಟಿಕೆಟ್ ಯಾವಾಗಲೋ ಖಾಲಿಯಾಗಿರಬಹುದು. ಅಷ್ಟು ದೂರ ಹೋಗಿ ಹೊರಗಿನಿಂದ ಒಂದು ಫೋಟೋ ತೆಗೆದು ವಾಪಸ್ ಬರುವುದಾದರೆ ಅದೇ ಫೋಟೋ ಮನೆಯಲ್ಲೇ ಕೂತು ನೋಡಬಹುದಿತ್ತು, ಅಲ್ವಾ?

ಇಂಥ ಪ್ರವಾಸವನ್ನು ಸಾಮಾನ್ಯವಾಗಿ ನಾಲ್ಕು ಬಗೆಯಲ್ಲಿ ಹಾಕಿಕೊಳ್ಳಬಹುದು. ಒಂದೇ ಊರಿನಲ್ಲಿ ತಳವೂರಿ ಅಲ್ಲಿನ ಕಟ್ಟಡಗಳನ್ನು ನೋಡುವುದು. ಒಬ್ಬ ಆರ್ಕಿಟೆಕ್ಟ್ ಕಟ್ಟಿದ್ದನ್ನು ಹುಡುಕಿಕೊಂಡು ಹೋಗುವುದು. ಒಂದು ಶೈಲಿಯ ಬೆನ್ನು ಹತ್ತುವುದು. ಇಲ್ಲವೇ ಒಂದೇ ಒಂದು ಕಟ್ಟಡಕ್ಕಾಗಿ ಮೂಲೆಯ ಊರಿಗೆ ಹೊರಡುವುದು. ಇವುಗಳಲ್ಲಿ ಯಾವುದು ಹೆಚ್ಚು ಎಂದು ತೂಗಲು ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಕಟ್ಟಡದ ಒಳಗೆ, ಸರಿಯಾದ ಬೆಳಕಿನಲ್ಲಿ, ಎಷ್ಟು ಹೊತ್ತು ಇರಲು ಸಿಗುತ್ತದೆ? ದಿನಕ್ಕೆ ಎಷ್ಟು ಕಟ್ಟಡ ಮುಗಿಸಿದೆವು ಅನ್ನುವ ಲೆಕ್ಕ ನನಗೆ ಯಾವ ಕೆಲಸಕ್ಕೂ ಬಂದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದೇ ಮೊದಲ ಸಲವಾದರೆ, ಅಥವಾ ಜೊತೆಗೆ ಬರುವವರಿಗೆ ಕಟ್ಟಡಗಳ ಹುಚ್ಚು ಇಲ್ಲದಿದ್ದರೆ, ಒಂದು ಊರು. ಒಂದು ವಾರ ಕೈಯಲ್ಲಿದ್ದು ಸ್ವಲ್ಪ ಓದಿಕೊಂಡಿದ್ದರೆ, ಒಬ್ಬ ಆರ್ಕಿಟೆಕ್ಟ್. ಶೈಲಿಯ ದಾರಿ ತಾಳ್ಮೆ ಇರುವವರಿಗೆ. ಒಂದೇ ಕಟ್ಟಡಕ್ಕಾಗಿ ಹೊರಡುವುದು, ಆ ಕಟ್ಟಡ ವರ್ಷಗಟ್ಟಲೆ ತಲೆಯಲ್ಲಿ ಕೂತಿದ್ದರೆ ಮಾತ್ರ.

ಒಂದೇ ಊರು

ಊರಿನ ದೊಡ್ಡ ಲಾಭ ಎಂದರೆ ಎರಡನೇ ಸಲ ಹೋಗಬಹುದು. ಬೆಳಗ್ಗೆ ಮೋಡವಿದ್ದರೆ ಸಂಜೆ ಹೋಗಬಹುದು. ಲಗೇಜ್ ಕಟ್ಟಿ ಬಿಚ್ಚುವ ತಾಪತ್ರಯವಿಲ್ಲ.

ಬಾರ್ಸಿಲೋನಾವನ್ನೇ ತೆಗೆದುಕೊಳ್ಳಿ. ಸಗ್ರಾಡಾ ಫಮಿಲಿಯಾ ಚರ್ಚಿನ ಕೆಲಸ ಶುರುವಾದದ್ದು 1882ರಲ್ಲಿ. ಮರುವರ್ಷ ಅದು ಆರ್ಕಿಟೆಕ್ಟ್ ಆಂಟೋನಿ ಗೌಡಿ ಕೈಗೆ ಬಂತು. ಆತ 1926ರಲ್ಲಿ ಟ್ರಾಮ್ ಬಡಿದು ತೀರಿಕೊಂಡಾಗ ಆಗಿದ್ದದ್ದು ಸ್ವಲ್ಪವೇ. ಹೊರಗಿನ ಗೋಪುರಗಳ ಫೋಟೋ ಎಲ್ಲರೂ ನೋಡಿರುತ್ತಾರೆ. ಒಳಗೆ ನಡೆಯುವುದು ಬೇರೆಯೇ ಆಟ. ಪೂರ್ವದ ಕಿಟಕಿಗಳಿಗೆ ನೀಲಿ, ಹಸಿರು ಗಾಜು. ಪಶ್ಚಿಮದವಕ್ಕೆ ಕೆಂಪು, ಕಿತ್ತಳೆ. ಬೆಳಗ್ಗೆ ಹೋದರೆ ಒಳಗೆಲ್ಲ ತಂಪು ಬೆಳಕು. ಇಳಿಹೊತ್ತಿಗೆ ಹೋದರೆ ಅದೇ ಕಂಬಗಳು ಕೆಂಡದ ಬಣ್ಣಕ್ಕೆ ತಿರುಗಿರುತ್ತವೆ. ಒಂದೇ ಕಟ್ಟಡ, ಎರಡು ಅನುಭವ.

ಕಂಬಗಳನ್ನು ಹತ್ತಿರದಿಂದ ನೋಡಿ. ಎಲ್ಲ ಒಂದೇ ಕಲ್ಲಿನವಲ್ಲ. ಹೆಚ್ಚು ಭಾರ ಹೊರುವ ನಡುವಿನ ಕಂಬಗಳಿಗೆ ಕೆಂಪು ಛಾಯೆಯ ಪಾರ್ಫಿರಿ ಎಂಬ ಗಟ್ಟಿ ಕಲ್ಲು. ಭಾರ ಕಡಿಮೆಯಾದಂತೆ ಬಸಾಲ್ಟ್, ಆಮೇಲೆ ಗ್ರಾನೈಟ್, ಆಮೇಲೆ ಮರಳುಗಲ್ಲು. ಬುಡದಲ್ಲಿ ಕಂಬ ನಕ್ಷತ್ರದ ಆಕಾರದಲ್ಲಿರುತ್ತದೆ. ಮೇಲೆ ಹೋದಂತೆ ಏಣುಗಳು ಹೆಚ್ಚುತ್ತಾ ಹೆಚ್ಚುತ್ತಾ ಕೊನೆಗೆ ದುಂಡಗಾಗುತ್ತದೆ. ಅಲ್ಲಿಂದ ಕೊಂಬೆ ಒಡೆಯುತ್ತದೆ. ಇದನ್ನೆಲ್ಲ ಕಣ್ಣಿನಲ್ಲೇ ಹಿಂಬಾಲಿಸಲು ಕುತ್ತಿಗೆ ನೋಯುವಷ್ಟು ಹೊತ್ತು ಬೇಕು. ಟಿಕೆಟ್ ಇಂತಿಷ್ಟು ಗಂಟೆಗೆ ಎಂದು ಹೊತ್ತು ಗೊತ್ತು ಮಾಡಿ ಕೊಡುತ್ತಾರೆ. ಒಂದೇ ಸಲ ಹೋಗುವುದಾದರೆ ಮಧ್ಯಾಹ್ನ ದಾಟಿದ ಸ್ಲಾಟ್ ತೆಗೆದುಕೊಂಡು ಬಿಸಿಲು ವಾಲುವವರೆಗೆ ಒಳಗೇ ಇರಿ.

ಅದೇ ಊರಿನಲ್ಲಿ ಮೀಸ್ ವಾನ್ ಡೆರ್ ರೋ ಅವರ ಪೆವಿಲಿಯನ್ ಇದೆ. 1929ರ ಮೇಳಕ್ಕೆ ಕಟ್ಟಿ ಮರುವರ್ಷವೇ ಬಿಚ್ಚಿಹಾಕಿದ್ದರು. ಹಳೆಯ ಜಾಗದಲ್ಲೇ 1986ರಲ್ಲಿ ಮತ್ತೆ ಎದ್ದು ನಿಂತಿತು. ಚಪ್ಪಟೆ ಚಾವಣಿ, ಹೊಳೆಯುವ ಕಲ್ಲಿನ ಗೋಡೆಗಳು, ಎರಡು ನೀರಿನ ಕೊಳ, ಅಷ್ಟೇ. ಗೌಡಿಗೆ ತದ್ವಿರುದ್ಧ. ಬೆಳಗ್ಗೆ ಅದು, ಸಂಜೆ ಇದು ಎಂದು ನೋಡಿದರೆ ಇಬ್ಬರೂ ಇನ್ನಷ್ಟು ಅರ್ಥವಾಗುತ್ತಾರೆ. ಒಂದೇ ಊರಿನಲ್ಲಿ ಇಂಥ ಜಗಳಗಂಟ ಕಟ್ಟಡಗಳು ಸಿಗುವುದೇ ಈ ದಾರಿಯ ಬಲ.

ಶಿಕಾಗೊ ಕೂಡ ಹೀಗೇ. 1871ರ ಬೆಂಕಿಯಲ್ಲಿ ಊರಿನ ನಡುಭಾಗ ಸುಟ್ಟುಹೋಯಿತು. ಮತ್ತೆ ಕಟ್ಟುವಾಗ ಉಕ್ಕಿನ ಚೌಕಟ್ಟಿನ ಎತ್ತರದ ಕಟ್ಟಡಗಳು ಬೆಳೆದವು. ಅಲ್ಲಿ ನದಿಯ ದೋಣಿ ಟೂರ್ ಬಿಡಬೇಡಿ. ಎತ್ತರದ ಕಟ್ಟಡಗಳನ್ನು ಕಾಲ ಬುಡದಿಂದ ನೋಡಿದರೆ ಏನೂ ಕಾಣುವುದಿಲ್ಲ. ನದಿಯ ಮಧ್ಯದಿಂದ ಬುಡದಿಂದ ತುದಿಯವರೆಗೆ ಕಾಣುತ್ತವೆ.

ಎಲ್ಲ ಊರೂ ಕಾಲ್ನಡಿಗೆಗೆ ಒದಗುವುದಿಲ್ಲ. ಬ್ರೆಸಿಲಿಯಾ 1960ರಲ್ಲಿ ಹೊಸದಾಗಿ ಎದ್ದ ರಾಜಧಾನಿ. ಲೂಸಿಯೊ ಕೋಸ್ಟಾ ನಕ್ಷೆ ಹಾಕಿದರು, ಆಸ್ಕರ್ ನೀಮಾಯರ್ ಕಟ್ಟಡಗಳನ್ನು ಬರೆದರು. ಆ ಊರನ್ನು ಕಾರಿಗಾಗಿಯೇ ಯೋಚಿಸಿ ಮಾಡಿದ್ದು. ಮ್ಯಾಪಿನಲ್ಲಿ ಪಕ್ಕಪಕ್ಕ ಕಾಣುವ ಎರಡು ಕಟ್ಟಡಗಳ ನಡುವೆ ಬಿಸಿಲಿನಲ್ಲಿ ನಡೆದರೆ ಗೊತ್ತಾಗುತ್ತದೆ.

ಒಬ್ಬ ಆರ್ಕಿಟೆಕ್ಟ್

ನನಗೆ ಎಲ್ಲಕ್ಕಿಂತ ಇಷ್ಟವಾದ ಬಗೆ ಇದು. ಷರತ್ತು ಒಂದೇ. ಕಟ್ಟಡಗಳು ಒಂದೇ ಸೀಮೆಯಲ್ಲಿ ಇರಬೇಕು.

ತುರ್ಕಿಯ ಒಟ್ಟೋಮನ್ ಸುಲ್ತಾನರ ಕಾಲದ ಸಿನಾನ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದ್ದಾನೆ. ಇಸ್ತಾಂಬುಲ್‌ನಲ್ಲಿ ಹಾಗಿಯಾ ಸೋಫಿಯಾ ಇದೆಯಲ್ಲ, 537ರಲ್ಲಿ ಚರ್ಚಾಗಿ ಕಟ್ಟಿ ಮುಗಿಸಿದ್ದು, ಅದರ ಗುಮ್ಮಟದ ಅಗಲ ಸುಮಾರು 31 ಮೀಟರ್. ಸಿನಾನ್ ದಿನಾ ನೋಡುತ್ತಿದ್ದ ಕಟ್ಟಡ. ಅಷ್ಟು ಅಗಲದ ಗುಮ್ಮಟವನ್ನು ಎತ್ತುವುದು ಹೇಗೆ, ಎತ್ತಿದ ಮೇಲೆ ಕೆಳಗಿನ ಜಾಗ ಒಂದೇ ಬಯಲಿನಂತೆ ಕಾಣಿಸುವುದು ಹೇಗೆ ಎಂಬುದೇ ಅವನ ಜೀವಮಾನದ ಲೆಕ್ಕ. 1548ರಲ್ಲಿ ಮುಗಿದ ಶೆಹ್ಜಾದೆ ಮಸೀದಿಯಲ್ಲಿ ಗುಮ್ಮಟ ಸುಮಾರು 19 ಮೀಟರ್, ನಾಲ್ಕೂ ಕಡೆ ಅರ್ಧ ಗುಮ್ಮಟಗಳ ಆಸರೆ. 1557ರ ಸುಲೇಮಾನಿಯೆಯಲ್ಲಿ ಗುಮ್ಮಟ 26 ಮೀಟರ್ ದಾಟಿತು. ಆದರೆ ಅರ್ಧ ಗುಮ್ಮಟ ಎರಡೇ, ಹಾಗಿಯಾ ಸೋಫಿಯಾದಂತೆ. ಕೊನೆಗೆ ಎದಿರ್ನೆ ಊರಿನ ಸೆಲಿಮಿಯೆ, 1570ರ ದಶಕದ ನಡುವೆ ಮುಗಿದದ್ದು. ಆಗ ಅವನಿಗೆ ಎಂಬತ್ತರ ಆಸುಪಾಸು. ಅಲ್ಲಿ ಎಂಟು ಕಂಬಗಳ ಮೇಲೆ ಸುಮಾರು 31 ಮೀಟರಿನ ಗುಮ್ಮಟ. ಕಂಬಗಳು ಗೋಡೆಯ ಕಡೆಗೆ ಸರಿದುಕೊಂಡಿವೆ. ನಡುವೆ ಏನೂ ಅಡ್ಡ ಬರುವುದಿಲ್ಲ. ಶೆಹ್ಜಾದೆ ಕಲಿಕೆಯ ಕಾಲದ್ದು, ಸುಲೇಮಾನಿಯೆ ಕೈ ಪಳಗಿದ ಕಾಲದ್ದು, ಸೆಲಿಮಿಯೆ ಉಸ್ತಾದನಾದ ಮೇಲಿನದು ಎಂದು ಸಿನಾನ್ ತಾನೇ ಹೇಳಿಕೊಂಡಿದ್ದ ಎನ್ನುತ್ತಾರೆ.

ಈ ಮೂರನ್ನೂ ಇದೇ ಕ್ರಮದಲ್ಲಿ ನೋಡಬೇಕು. ನೇರ ಸೆಲಿಮಿಯೆಗೆ ಹೋದರೆ 'ಚೆನ್ನಾಗಿದೆ' ಅಂತ ಅನ್ನಿಸುತ್ತದೆ ಅಷ್ಟೇ. ಉಳಿದ ಎರಡನ್ನು ನೋಡಿ ಹೋದರೆ ಒಳಗೆ ಕಾಲಿಟ್ಟ ಕೂಡಲೇ ಆತ ಏನನ್ನು ತೆಗೆದುಹಾಕಿದ್ದಾನೆ ಎಂದು ಕಾಣುತ್ತದೆ. ಇಸ್ತಾಂಬುಲ್‌ನಿಂದ ಎದಿರ್ನೆಗೆ ಸುಮಾರು 240 ಕಿಲೋಮೀಟರ್, ಬಸ್ಸಿದೆ. ಒಂದು ರಾತ್ರಿ ಉಳಿದರೆ ಒಳ್ಳೆಯದು. ಇವೆಲ್ಲ ನಮಾಜು ನಡೆಯುವ ಮಸೀದಿಗಳು. ಶುಕ್ರವಾರ ಮಧ್ಯಾಹ್ನ ನೋಡಲು ಬಂದವರನ್ನು ಬಿಡುವುದಿಲ್ಲ. ಹಾಗಿಯಾ ಸೋಫಿಯಾ 2020ರಿಂದ ಮತ್ತೆ ಮಸೀದಿ. 2024ರಿಂದ ವಿದೇಶಿ ಪ್ರವಾಸಿಗರಿಗೆ ಟಿಕೆಟ್ ಮೇಲೆ ಮಹಡಿಯ ಗ್ಯಾಲರಿಗೆ ಮಾತ್ರ ಪ್ರವೇಶ.

ಚಂಡೀಗಢದ ನಕ್ಷೆ ಹಾಕಿದ ಲೆ ಕಾರ್ಬ್ಯೂಸಿಯೆ ವಿಷಯಕ್ಕೆ ಬಂದರೆ ಎಚ್ಚರ. ಆತನ 17 ಕೆಲಸಗಳನ್ನು ಯುನೆಸ್ಕೊ 2016ರಲ್ಲಿ ಒಂದೇ ಪಟ್ಟಿಗೆ ಸೇರಿಸಿತು. ಅವು ಏಳು ದೇಶಗಳಲ್ಲಿ ಹರಡಿವೆ. ಪಟ್ಟಿ ಹಿಡಿದು ಹೊರಟರೆ ವಿಮಾನ ನಿಲ್ದಾಣಗಳನ್ನೇ ಜಾಸ್ತಿ ನೋಡುತ್ತೀರಿ. ಚಂಡೀಗಢ ಬೇಕೆಂದರೆ ಅದನ್ನೇ ಒಂದು ಊರಿನ ಪ್ರವಾಸವಾಗಿ ಮಾಡಿ. ಅಲ್ಲಿನ ಕ್ಯಾಪಿಟಲ್ ಕಾಂಪ್ಲೆಕ್ಸ್ ಈಗಲೂ ಸರ್ಕಾರಿ ಕಚೇರಿ. ಗುರುತಿನ ಚೀಟಿ ತೋರಿಸಿ, ಗೈಡ್ ಜೊತೆಯಲ್ಲೇ ಹೋಗಬೇಕು. ಫ್ರಾನ್ಸ್ ಆದರೆ ಲಿಯೋನ್ ಸುತ್ತಮುತ್ತಲಷ್ಟೇ ಇಟ್ಟುಕೊಳ್ಳಿ.

ಲಿಯೋನ್ ಹತ್ತಿರ ಲಾ ಟುರೆಟ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠವಿದೆ, 1960ರಲ್ಲಿ ಮುಗಿದದ್ದು. ಅಲ್ಲಿ ರಾತ್ರಿ ಉಳಿಯಬಹುದು. ಕೋಣೆಯ ಅಗಲ 1.83 ಮೀಟರ್, ಎತ್ತರ 2.26 ಮೀಟರ್. ಈ ಅಂಕಿಗಳು ಸುಮ್ನೆ ಬಂದದ್ದಲ್ಲ. ಕಾರ್ಬ್ಯೂಸಿಯೆ 1.83 ಮೀಟರ್ ಎತ್ತರದ ಒಬ್ಬ ಮನುಷ್ಯನನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದ. ಆ ಮನುಷ್ಯ ಕೈ ಮೇಲೆತ್ತಿದರೆ 2.26. ಅಂದರೆ ಆ ಕೋಣೆಯಲ್ಲಿ ಆರಡಿಯವರು ಕೈ ಎತ್ತಿದರೆ ಬೆರಳು ಚಾವಣಿಗೆ ತಾಗುತ್ತದೆ. ಎರಡೂ ಕೈ ಚಾಚಿದರೆ ಎರಡೂ ಗೋಡೆ. ಹಗಲಿನ ಗೈಡ್ ಟೂರಿನಲ್ಲಿ ಇದೆಲ್ಲ ಬರೀ ಮಾಹಿತಿ. ಒಂದು ರಾತ್ರಿ ಮಲಗಿದರೆ ಕಟ್ಟಡವನ್ನು ಮೈಯಲ್ಲೇ ಅಳೆದ ಹಾಗೆ. ಉಳಿಯಲು ಬಿಡುವ ಕಟ್ಟಡ ಸಿಕ್ಕಿದರೆ ಉಳಿದ ಎರಡು ಮೂರನ್ನು ಕೈಬಿಟ್ಟಾದರೂ ಅಲ್ಲಿ ಉಳಿಯಿರಿ. ಮಾರ್ಸೇಯಲ್ಲಿ 1952ರಲ್ಲಿ ಮುಗಿದ ಅದೇ ಆರ್ಕಿಟೆಕ್ಟಿನ ವಸತಿ ಸಮುಚ್ಚಯದ ಒಳಗೂ ಒಂದು ಹೋಟೆಲ್ ಇದೆ.

ಪಲ್ಲಾಡಿಯೊ ಬೇಕೆಂದರೆ ಇಟಲಿಯ ವಿಚೆಂಜಾ. ಊರಿನ ಒಳಗೆ ತಿಯಾತ್ರೊ ಒಲಿಂಪಿಕೊ, ಹೊರಗೆ ವಿಲ್ಲಾ ರೊಟೊಂಡಾ. ಸುತ್ತಲಿನ ವಿಲ್ಲಾಗಳಲ್ಲಿ ಕೆಲವು ಖಾಸಗಿಯವರವು. ತೋಟ ಒಂದು ದಿನ, ಒಳಾಂಗಣ ಇನ್ನೊಂದು ದಿನ ಎಂದು ಇರುತ್ತದೆ. ಮೊದಲು ಯಾವುದು ಯಾವ ದಿನ ತೆರೆದಿರುತ್ತದೆ ಎಂದು ಹೊಂದಿಸಿಕೊಳ್ಳಿ, ಆಮೇಲೆ ಹೋಟೆಲ್.

ಒಂದು ಶೈಲಿ

ಕೇಳಲು ತುಂಬಾ ಚೆಂದ. ಮಾಡಲು ಕಷ್ಟ. ಮೂರನೇ ಚರ್ಚಿಗೆ ಬರುವಷ್ಟರಲ್ಲಿ ಎಲ್ಲವೂ ಒಂದೇ ಥರ ಕಾಣಲು ಶುರುವಾಗುತ್ತದೆ. ಇದಕ್ಕೆ ಮದ್ದು ಎಂದರೆ ಒಂದು ಪ್ರಶ್ನೆ ಹಿಡಿದುಕೊಂಡು ಹೋಗುವುದು.

ಫ್ರಾನ್ಸಿನ ಗೋಥಿಕ್ ಶೈಲಿಯ ಮಧ್ಯಯುಗದ ಚರ್ಚುಗಳಲ್ಲಿ ಆ ಪ್ರಶ್ನೆ ಸುಲಭ: ಕಲ್ಲಿನ ಚಾವಣಿಯನ್ನು ಎಷ್ಟು ಎತ್ತರಕ್ಕೆ ಒಯ್ಯಬಹುದು? ಪ್ಯಾರಿಸ್ಸಿನ ನಾಟ್ರೆ ಡಾಮ್ ಒಳಗೆ ಸುಮಾರು 33 ಮೀಟರ್. ಶಾರ್ತ್ರ್ ಸುಮಾರು 37. ಅಮಿಯಾ 42. ಕೊನೆಗೆ ಬೋವೆ ಊರಿನವರು 48 ಮೀಟರಿಗೆ ಕೈ ಹಾಕಿದರು. 1284ರಲ್ಲಿ ಚಾವಣಿಯ ಒಂದು ಭಾಗ ಕುಸಿಯಿತು. ಸರಿಮಾಡಿ, ಮುಂದೆ ನಡುವೆ ಒಂದು ಭಾರೀ ಗೋಪುರ ಕಟ್ಟಿದರು. 1573ರಲ್ಲಿ ಅದೂ ಬಿತ್ತು. ಚರ್ಚಿನ ಉದ್ದನೆಯ ಮುಂಭಾಗ ಇವತ್ತಿಗೂ ಕಟ್ಟಿಲ್ಲ. ಒಳಗೆ ಹೋದರೆ ಗೋಡೆಗಳಿಗೆ ಊರುಗೋಲು ಕೊಟ್ಟ ಹಾಗೆ ದೊಡ್ಡ ಮರದ ತೊಲೆಗಳು ನಿಂತಿವೆ. ನಾಲ್ಕರಲ್ಲಿ ಅತಿ ಸುಂದರ ಯಾವುದು ಎಂದರೆ ಶಾರ್ತ್ರ್ ಅನ್ನುತ್ತೇನೆ. ನೆನಪಿನಲ್ಲಿ ಉಳಿಯುವುದು ಬೋವೆ. ಪ್ಯಾರಿಸ್ಸಿನಲ್ಲೇ ಉಳಿದು ರೈಲಿನಲ್ಲಿ ದಿನಕ್ಕೊಂದು ನೋಡಿ ಬರಬಹುದು. ದಿನಕ್ಕೆ ಎರಡು ಬೇಡ. ನಾಟ್ರೆ ಡಾಮ್ 2019ರ ಬೆಂಕಿಯ ನಂತರ 2024ರ ಡಿಸೆಂಬರಿನಲ್ಲಿ ಮತ್ತೆ ತೆರೆಯಿತು.

ನಾರ್ವೆಯ ಹಳೆಯ ಮರದ ಚರ್ಚುಗಳೂ ಇಂಥದ್ದೇ ದಾರಿ. ಮಧ್ಯಯುಗದಲ್ಲಿ ಸಾವಿರದ ಹತ್ತಿರ ಇದ್ದಿರಬಹುದು ಎನ್ನುತ್ತಾರೆ, ಈಗ ಉಳಿದಿರುವುದು 28. ಕಣಿವೆಗಳ ನಡುವೆ ದೂರ ದೂರ ಇವೆ, ಹೆಚ್ಚಿನವು ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತವೆ. ಸ್ವಂತ ಕಾರಿಲ್ಲದೆ ಸಾಧ್ಯವಿಲ್ಲ ಅಂತಲೇ ಇಟ್ಟುಕೊಳ್ಳಿ.

ಒಂದೇ ಕಟ್ಟಡ

ಫ್ರಾಂಕ್ ಲಾಯ್ಡ್ ರೈಟ್ 1935ರಲ್ಲಿ ನಕ್ಷೆ ಹಾಕಿದ ಫಾಲಿಂಗ್‌ವಾಟರ್ ಮನೆ ಅಮೆರಿಕದ ಪೆನ್ಸಿಲ್ವೇನಿಯಾದ ಕಾಡಿನೊಳಗಿದೆ. ಪಿಟ್ಸ್‌ಬರ್ಗ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ. ಬಸ್ಸು, ರೈಲು ಇಲ್ಲ. ಮೊದಲೇ ಟಿಕೆಟ್ ತೆಗೆದು, ಗೈಡ್ ಜೊತೆ ಸುಮಾರು ಒಂದು ಗಂಟೆ. ಆರು ವರ್ಷದೊಳಗಿನ ಮಕ್ಕಳನ್ನು ಮನೆಯೊಳಗಿನ ಟೂರಿಗೆ ಬಿಡುವುದಿಲ್ಲ. ನನ್ನ ಅಳತೆಗೋಲಿನಲ್ಲಿ ಇದು ಸೋಲಬೇಕು. ಆದರೂ ಹೋಗಿ ಅನ್ನುತ್ತೇನೆ, ಏಕೆಂದರೆ ಈ ಮನೆಯ ವಿಷಯದಲ್ಲಿ ಫೋಟೋ ಪೂರಾ ದಾರಿ ತಪ್ಪಿಸುತ್ತದೆ. ಎಲ್ಲರಿಗೂ ಗೊತ್ತಿರುವ ಚಿತ್ರ ಕೆಳಗಿನಿಂದ, ಜಲಪಾತದ ಎದುರು ನಿಂತು ತೆಗೆದದ್ದು. ಮನೆಯೊಳಗೆ ಜಲಪಾತ ಕಾಣುವುದೇ ಇಲ್ಲ. ಮನೆ ಅದರ ಮೇಲೇ ಕೂತಿದೆ. ನೀರಿನ ಸದ್ದು ಮಾತ್ರ ಎಲ್ಲ ಕೋಣೆಗೂ ಬರುತ್ತದೆ. ಚಾವಣಿ ತಗ್ಗು, ಕಿಟಕಿ ಉದ್ದ, ಬೆಂಕಿಗೂಡಿನ ಮುಂದೆ ಅಲ್ಲೇ ಇದ್ದ ಬಂಡೆಯನ್ನು ಹಾಗೇ ಬಿಟ್ಟಿದ್ದಾರೆ. ಹಜಾರದಿಂದ ಒಂದು ಮೆಟ್ಟಿಲು ನೇರ ಹೊಳೆಗೆ ಇಳಿಯುತ್ತದೆ. ಅಷ್ಟು ದೂರ ಹೋದ ಮೇಲೆ ಹತ್ತಿರದಲ್ಲೇ ಇರುವ ರೈಟ್ ಅವರ ಇನ್ನೊಂದು ಮನೆ ಕೆಂಟಕ್ ನಾಬ್ ಕೂಡ ಅದೇ ದಿನಕ್ಕೆ ಸೇರಿಸಿ.

ಜೋಡಿ ಹುಡುಕುವುದು ಇಲ್ಲಿ ಮುಖ್ಯ. ಪೀಟರ್ ಝುಮ್‌ಥೋರ್ ಜರ್ಮನಿಯ ಒಂದು ಹೊಲದ ನಡುವೆ ಕಟ್ಟಿದ ಬ್ರೂಡರ್ ಕ್ಲೌಸ್ ಪ್ರಾರ್ಥನಾ ಮಂದಿರ ನೋಡಿ. 112 ಮರದ ಕಾಂಡಗಳನ್ನು ಗುಡಾರದಂತೆ ಒರಗಿಸಿ, ಸುತ್ತ 24 ಪದರಗಳಲ್ಲಿ ಕಾಂಕ್ರೀಟ್ ಹಾಕಿ, ಆಮೇಲೆ ಒಳಗಿನ ಮರಕ್ಕೆ ಬೆಂಕಿ ಕೊಟ್ಟರು. ಸೆಂಟ್ರಿಂಗ್ ಬಿಚ್ಚಲಿಲ್ಲ, ಸುಟ್ಟರು! ಒಳಗೋಡೆಯಲ್ಲಿ ಮರಗಳ ಅಚ್ಚೂ ಮಸಿಯೂ ಹಾಗೇ ಇವೆ. ನೆತ್ತಿ ತೆರೆದಿದೆ, ಮಳೆ ಒಳಗೇ ಬೀಳುತ್ತದೆ. ಕಾಲು ಗಂಟೆಯಲ್ಲಿ ನೋಡಿ ಮುಗಿಸಬಹುದಾದ ಪುಟ್ಟ ಜಾಗ. ಆದರೆ ಕಲೋನ್ ಊರು ದೂರವಿಲ್ಲ. ಅಲ್ಲಿ 2007ರಲ್ಲಿ ತೆರೆದ ಅವರದೇ ಕೊಲುಂಬಾ ಮ್ಯೂಸಿಯಂ ಇದೆ, ಯುದ್ಧದಲ್ಲಿ ಹಾಳಾದ ಚರ್ಚಿನ ಗೋಡೆಗಳ ಮೇಲೇ ಎದ್ದದ್ದು. ಮಂದಿರಕ್ಕೆ ಸೋಮವಾರ ರಜೆ, ಮ್ಯೂಸಿಯಮ್ಮಿಗೆ ಮಂಗಳವಾರ.

ಯಾವ ದಾರಿ ಹಿಡಿದರೂ

ಅತಿ ಕಷ್ಟದ ಬಾಗಿಲಿನಿಂದ ಯೋಜನೆ ಶುರು ಮಾಡಿ. ಅದರ ದಿನ ಗಟ್ಟಿಯಾದ ಮೇಲೆ ವಿಮಾನ, ರೈಲು, ಹೋಟೆಲ್. ಸ್ಪೇನಿನ ಗ್ರನಾಡದ ಅಲ್ಹಂಬ್ರಾ ಕೋಟೆಯಲ್ಲಿ ನಸ್ರಿದ್ ದೊರೆಗಳ ಅರಮನೆಗಳಿಗೆ ಬೇರೆಯೇ ಸಮಯ ನಮೂದಾಗಿರುತ್ತದೆ. ಆ ಹೊತ್ತು ತಪ್ಪಿದರೆ ಟಿಕೆಟ್ ಇದ್ದರೂ ಒಳಗೆ ಬಿಡುವುದಿಲ್ಲ. ಕೋಟೆ ದೊಡ್ಡದು, ಗೇಟಿನಿಂದ ಅರಮನೆಯ ತನಕ ನಡಿಗೆಯೇ ಸಾಕಷ್ಟಿದೆ. ಅಜಂತಾಕ್ಕೆ ಸೋಮವಾರ ರಜೆ, ಎಲ್ಲೋರಾಕ್ಕೆ ಮಂಗಳವಾರ, ತಾಜ್ ಮಹಲಿಗೆ ಶುಕ್ರವಾರ. ಅಜಂತಾ, ಎಲ್ಲೋರಾ ಎರಡನ್ನೂ ಒಟ್ಟಿಗೆ ನೋಡುವವರು ಎಲ್ಲೋರಾ ಸೋಮವಾರ, ಅಜಂತಾ ಮಂಗಳವಾರ ಎಂದು ಇಟ್ಟುಕೊಂಡರೆ ವಾರಾಂತ್ಯದ ಜನಜಂಗುಳಿಯೂ ತಪ್ಪುತ್ತದೆ.

ಆಮೇಲೆ ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ನೋಡಿ. ಕಾಂಬೋಡಿಯಾದ ಅಂಕೋರ್ ವಾಟ್ ದೇವಾಲಯದ ಮುಖ ಪಶ್ಚಿಮಕ್ಕೆ. ಸೂರ್ಯೋದಯಕ್ಕೆ ಸೇರುವ ಜನರಿಗೆ ಕಾಣುವುದು ಕಪ್ಪು ಆಕೃತಿ. ಚೆಂದದ ದೃಶ್ಯವೇ, ಇಲ್ಲ ಅನ್ನುವುದಿಲ್ಲ. ಆದರೆ ಕಲ್ಲಿನ ಕೆತ್ತನೆ ಕಾಣಬೇಕೆಂದರೆ ಮಧ್ಯಾಹ್ನದ ಮೇಲೆ ಹೋಗಬೇಕು. ಪಶ್ಚಿಮದ ಗ್ಯಾಲರಿಯಲ್ಲಿ ಕುರುಕ್ಷೇತ್ರವನ್ನೂ ಲಂಕೆಯ ಯುದ್ಧವನ್ನೂ ಕೆತ್ತಿದ್ದಾರೆ. ಇಳಿಬಿಸಿಲು ಅಡ್ಡಲಾಗಿ ಬಿದ್ದಾಗ ಬಾಣಗಳ ನಡುವೆ ಒಬ್ಬೊಬ್ಬ ಸೈನಿಕನೂ ಬೇರೆಯಾಗಿ ಕಾಣುತ್ತಾನೆ. ರೋಮಿನ ಪ್ಯಾಂಥಿಯಾನ್‌ಗೆ ಇದರ ಚಿಂತೆಯಿಲ್ಲ. ಗುಮ್ಮಟದ ನೆತ್ತಿಯ ತೂತಿನಿಂದ ಬಿಸಿಲಿನ ಒಂದು ದುಂಡು ಮಚ್ಚೆ ದಿನವಿಡೀ ಗೋಡೆಯ ಮೇಲೆ ಸರಿಯುತ್ತಿರುತ್ತದೆ. ಮಳೆ ಬಂದರೂ ಹೋಗಬಹುದು, ನೀರು ಇಳಿಯಲು ನೆಲದಲ್ಲೇ ತೂತುಗಳಿವೆ.

ಸಂಗೀತ ಸಭಾಂಗಣವಾದರೆ ಟೂರ್ ಟಿಕೆಟ್ ಬಿಟ್ಟು ಕಛೇರಿಯ ಟಿಕೆಟ್ ಕೊಳ್ಳಿ. 1963ರ ಬರ್ಲಿನ್ ಫಿಲ್‌ಹಾರ್ಮೊನಿಯಲ್ಲಿ ವೇದಿಕೆ ನಡುವೆ, ಕೇಳುಗರು ಸುತ್ತಲೂ. ಅದು ಖಾಲಿ ಕುರ್ಚಿಗಳ ನಡುವೆ ನಿಂತರೆ ತಿಳಿಯುವುದಿಲ್ಲ. ಸಿಡ್ನಿ ಆಪೆರಾ ಹೌಸಿಗೂ ಇದೇ ಮಾತು.

ಜಾಗದ ಬದಲು ದಿನಾಂಕವನ್ನೇ ಆರಿಸಿಕೊಳ್ಳುವ ಇನ್ನೊಂದು ಬಗೆಯೂ ಇದೆ. ಲಂಡನ್ನಿನಲ್ಲಿ 1992ರಲ್ಲಿ ಶುರುವಾದ ಓಪನ್ ಹೌಸ್ ಹಬ್ಬ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ಬೇರೆ ದಿನ ಬಾಗಿಲು ತೆರೆಯದ ಮನೆ, ಕಚೇರಿಗಳ ಒಳಗೆ ಪುಕ್ಕಟೆ ಬಿಡುತ್ತಾರೆ. ಈಗ ಹಲವು ದೇಶಗಳ ಊರುಗಳಲ್ಲಿ ಇದೇ ಥರದ ವಾರಾಂತ್ಯಗಳಿವೆ. ಪ್ರಸಿದ್ಧ ಕಟ್ಟಡಗಳ ಮುಂದಿನ ಸಾಲಿನಲ್ಲಿ ನಿಲ್ಲಬೇಡಿ, ಅವನ್ನು ಬೇರೆ ದಿನವೂ ನೋಡಬಹುದು. ಯಾರದ್ದೋ ವಾಸದ ಮನೆಗೆ ಹೋಗಿ.

ಕೊನೆಗೆ ಸಾರ್ವೆಯ ವಿಷಯ. ಸೆಲಿಮಿಯೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ದೊಡ್ಡ ದುರಸ್ತಿ ನಡೆದಿದೆ. ಹಳೆಯ ಕಟ್ಟಡಗಳಿಗೆ ಇದು ತಪ್ಪಿದ್ದಲ್ಲ. ಅಧಿಕೃತ ಜಾಲತಾಣದಲ್ಲಿ ಯಾವಾಗಲೂ ಹಳೆಯ, ಚೆಂದದ ಫೋಟೋಗಳೇ ಇರುತ್ತವೆ. ಹೋದ ವಾರ ಹೋಗಿ ಬಂದವರು ಮ್ಯಾಪಿನಲ್ಲಿ ಹಾಕಿರುವ ಫೋಟೋ ನೋಡಿ. ಸಾರ್ವೆ ಹೊರಗೆ ಮಾತ್ರ ಇದ್ದರೆ ಹೋಗಿ, ಒಳಗಿನದು ಸಿಗುತ್ತದೆ. ಗುಮ್ಮಟದ ಕೆಳಗೇ ಕಟ್ಟಿದ್ದರೆ ಮುಂದಿನ ವರ್ಷಕ್ಕೆ ಇಟ್ಟುಕೊಂಡು, ಈ ಸಲ ಸುಲೇಮಾನಿಯೆಯಲ್ಲೇ ಇನ್ನೊಂದು ಬೆಳಗ್ಗೆ ಕಳೆಯಿರಿ.